ಒಂಬತ್ತನೆಯ ಸಲ ಬಂದ ಬಡಗಿ
ಚೌಕಟ್ಟು ಮಾಡುವುದರಲ್ಲಿ ಹೆಸರಾದ ಆ ಬಡಗಿ ಹಳೆಯ ಉಪಕರಣಗಳ ಅಂಗಡಿಗೆ ಬಂದದ್ದು ಇದು ಒಂಬತ್ತನೆಯ ಸಲ, ಅದೂ ಒಂದೇ ಮೆಷಿನ್ನಿಗಾಗಿ. ಮರದ ಮೂಲೆಗಳನ್ನು ಓರೆಯಾಗಿ ಕೊಯ್ಯುವ ದುಬಾರಿ ಗರಗಸ ಅದು. ಯಾರೋ ಎರಡು ವರ್ಷ ಬಳಸಿ ಮಾರಿದ್ದರು. ಬಡಗಿ ಬಗ್ಗಿ ಅದರ ಹಲ್ಲು ಎಣಿಸುತ್ತಾರೆ, ಮೋಟಾರಿಗೆ ಕಿವಿಗೊಡುತ್ತಾರೆ, "ಚೆನ್ನಾಗಿದೆ, ಆದ್ರೆ..." ಎನ್ನುತ್ತಾರೆ. ಆ "ಆದ್ರೆ"ಯ ಮುಂದೇನು ಎಂದು ಅವರಿಗೇ ತಿಳಿಯದು. ಒಂದು ದಿನ ಸದ್ದು ಜಾಸ್ತಿ ಎಂದರು. ಅಂಗಡಿಯವನು ಎಣ್ಣೆ ಹಾಕಿಕೊಟ್ಟರೆ, ಸದ್ದೇ ಇಲ್ಲವಲ್ಲ, ಏನೋ ಎಡವಟ್ಟಿರಬೇಕು ಎಂದರು. ಮನೆಯಲ್ಲಿ ಹೆಂಡತಿ "ತಗೊಳ್ಳಿ" ಎಂದರೆ ಬೇಡವೆನಿಸುತ್ತದೆ, "ಬಿಟ್ಹಾಕಿ" ಎಂದರೆ ಬೇಕೇ ಬೇಕೆನಿಸುತ್ತದೆ. ಇವತ್ತು ಅಂಗಡಿಯವನು, "ಯಜಮಾನ್ರೇ, ನೀವೇ ಗೆರೆ ಹಾಕಿ ಕೊಯ್ದು ನೋಡಿ" ಎಂದು ಮರದ ಪಟ್ಟಿಯೊಂದನ್ನು ಮುಂದಿಟ್ಟ. ನಲವತ್ತು ವರ್ಷ ಕಣ್ಣಳತೆಯಲ್ಲೇ ಮೂಲೆ ಕೂಡಿಸಿದ ಕೈ ಪೆನ್ಸಿಲ್ ಹಿಡಿದು ಎಳೆದ ಗೆರೆ ಅಂಕುಡೊಂಕಾಯಿತು. ಅಂಗಡಿಯವನು ಕಂಡೂ ಕಾಣದವನಂತೆ ಬಾಗಿಲ ಕಡೆ ನೋಡಿದ. "ಇದನ್ನ ತಗೊಂಡ್ರೆ, ಕೈ ಸೋತಿದೆ ಅಂತ ಒಪ್ಕೊಂಡ ಹಾಗಲ್ವೇನಪ್ಪಾ?" ಎಂದರು ಬಡಗಿ. ಅವನು ಗರಗಸದ ಮೇಲಿನ ಧೂಳು ಒರೆಸಿದ. ಕೊನೆಗೆ ಬಡಗಿಯೇ ಮೆಲ್ಲಗೆ, "ಕಟ್ಟಿಕೊಡು. ನಮ್ಮನೆಯವಳು ಕೇಳಿದ್ರೆ, ನೀನೇ ಒತ್ತಾಯ ಮಾಡಿ ಕೊಟ್ಟೆ ಅಂತ ಹೇಳು" ಎಂದರು.