ಇಂಜಿನ್ ತಣ್ಣಗಾಗುವವರೆಗೆ

ನನ್ನದೇ ಕಾರಿನಲ್ಲಿ ನಾನೇ ಕಾವಲುಗಾರ್ತಿಯಾಗಿ ಕೂತಿದ್ದ ಕಾಲವೊಂದಿತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆ ಮುಳಬಾಗಿಲಿನಲ್ಲಿ. ನಾನು ಪಾಠ ಹೇಳುವ ಹೈಸ್ಕೂಲು ರಾಯಲ್ಪಾಡಿನ ಕಡೆ. ಬಸ್ಸು ಬದಲಾಯಿಸಿ, ಆಟೊಗೆ ನೇತುಬಿದ್ದು ಹೋಗಿ ಸಾಕಾಗಿ, ಒಂದು ಹಳೆಯ ಚಿಕ್ಕ ಕಾರು ಕೊಂಡೆ. ನನ್ನ ಸಂಬಳ, ನನ್ನ ಹೆಸರು. ಶನಿವಾರ ಬೆಳಗಿನ ಶಾಲೆ ಮುಗಿದರೆ ಸೀದಾ ಶ್ರೀನಿವಾಸಪುರ, ಕೋಲಾರ, ಮಾಲೂರು ದಾಟಿ ಲಕ್ಕೂರಿನ ಅಕ್ಕನ ಮನೆಗೆ ಹೊರಟುಬಿಡುತ್ತಿದ್ದೆ. ಯಾರನ್ನೂ ಕೇಳುತ್ತಿರಲಿಲ್ಲ. ದಾರಿಯಲ್ಲಿ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಮಾವಿನಹಣ್ಣು ಮೂಸಿ ನೋಡಿ, ಚೌಕಾಸಿ ಮಾಡಿ, ಕೊಳ್ಳದೆ ಮುಂದಕ್ಕೆ ಹೋದದ್ದೂ ಉಂಟು. ಮದುವೆಯಾದ ಮೇಲೆ ನನ್ನದು ಅಂತ ನನಗೆ ಸಿಕ್ಕಿದ್ದು ಆ ಶನಿವಾರದ ಮಧ್ಯಾಹ್ನಗಳೇ.

ಅದಕ್ಕೆ ಕಲ್ಲು ಹಾಕಿದವರು ನಮ್ಮ ಭಾವ, ಅಕ್ಕನ ಗಂಡ. ಪಾಪ, ಬೇಕೆಂದು ಹಾಕಿದ್ದಲ್ಲ. ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಹೋಗುವಾಗ ಅವತ್ತು ನಮ್ಮ ಯಜಮಾನರು ಓಡಿಸುತ್ತಿದ್ದರು. ಹೈವೇ ಏರಿನಲ್ಲಿ ಒಂದು ಟೊಮೆಟೊ ಲಾರಿಯನ್ನು ಹಿಂದೆ ಹಾಕಲಾರದೆ ನಮ್ಮ ಕಾರು ಏದುಸಿರು ಬಿಡುತ್ತಿದ್ದಾಗ, ಭಾವನ ದೊಡ್ಡ ಕಾರು ಹಾರ್ನ್ ಹೊಡೆದುಕೊಂಡು ಎರಡನ್ನೂ ದಾಟಿ ಹೋಯಿತು. ಊಟದ ಪಂಕ್ತಿಯಲ್ಲಿ ಭಾವ ಸುಮ್ಮನಿರಬಾರದೇ? "ಏನ್ ಷಡ್ಡಕರೇ, ಗಾಡಿ ತಳ್ಕೊಂಡ್ ಬಂದ್ರಾ?" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ನಮ್ಮವರು ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದರು.

ನಮ್ಮವರದು ಪೈಪು ಮತ್ತು ಡ್ರಿಪ್ ಸಾಮಾನಿನ ಅಂಗಡಿ. ಅದರ ಹಿಂದಿನ ಷೆಡ್ಡಿನಲ್ಲಿ ಅವರ ಚಡ್ಡಿ ದೋಸ್ತನ ಗ್ಯಾರೇಜು. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಬೋಲ್ಟು ಬಿಗಿಯಾಗಿ ಬಿಚ್ಚದಿದ್ದರೆ ತೆಲುಗು ಮಾತಾಡುವ ಮೆಕ್ಯಾನಿಕ್. ಇಬ್ಬರೂ ಸೇರಿ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ನನ್ನ ಕಾರಿಗೆ ಟರ್ಬೊ ಹಾಕುವುದೆಂದು ತೀರ್ಮಾನ ಮಾಡಿದರು. ಟರ್ಬೊ ಎಂದರೆ ಬಸವನಹುಳುವಿನ ಆಕಾರದ ಕಬ್ಬಿಣದ ಉಂಡೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಅದರೊಳಗಿನ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೆ ಹೆಚ್ಚಿನ ಗಾಳಿ ತುರುಕುತ್ತದೆ, ಕಾರು ಎದ್ದು ಓಡುತ್ತದೆ. ಹೊಸದಕ್ಕೆ ನಮ್ಮ ಯೋಗ್ಯತೆ ಎಲ್ಲಿ? ಬೆಂಗಳೂರಿನ ಗುಜರಿಯಿಂದ, ಯಾವುದೋ ಅಪಘಾತವಾದ ಡೀಸೆಲ್ ಕಾರಿನದ್ದು ತಂದರು.

"ನನ್ನ ಕಾರು ಮುಟ್ಟಬೇಡಿ ರೀ," ಎಂದೆ.

"ನಿನಗೇ ಒಳ್ಳೇದಲ್ವೇನೇ? ಲಕ್ಕೂರಿಗೆ ಬೇಗ ಹೋಗ್ಬೋದು," ಎಂದರು. ಕೀಲಿ ಆಗಲೇ ಅವರ ಜೇಬಿನಲ್ಲಿತ್ತು.

ನಾನು ಮತ್ತೆ ಬಸ್ಸಿಗೆ ಬಿದ್ದೆ. ಸಂಜೆ ಷೆಡ್ಡಿಗೆ ಹೋಗಿ ನೋಡಿದರೆ ಕಾರಿನ ಬಾನೆಟ್ಟು ಗೋಡೆಗೆ ಒರಗಿರುತ್ತಿತ್ತು. ಗಾಳಿಯ ಪೈಪನ್ನು ಬಿಗಿಯಲು ಅಂಗಡಿಯ ಡ್ರಿಪ್ ಕ್ಲಾಂಪುಗಳೇ ಬಂದಿದ್ದವು. ಜಾಗ ಸಾಲಲಿಲ್ಲವೆಂದು ಎಸಿಯನ್ನೇ ಕಿತ್ತು ಮೂಲೆಗೆ ಎಸೆದಿದ್ದರು. "ಎಸಿ ಯಾಕ್ ಬೇಕು ಅಕ್ಕಾ, ಸ್ಪೀಡಲ್ಲಿ ಹೋದ್ರೆ ಗಾಳಿ ತಾನೇ ಬರುತ್ತೆ," ಎಂದ ಮೆಕ್ಯಾನಿಕ್. ಅಕ್ಕ ಫೋನ್ ಮಾಡಿ "ಈ ಶನಿವಾರನೂ ಇಲ್ವೇನೇ?" ಎಂದು ಕೇಳುತ್ತಿದ್ದಳು. ಬಸ್ಸಿನಲ್ಲಿ ಬಂದರೆ ಹೋಗಿ ಮುಟ್ಟುವ ಹೊತ್ತಿಗೇ ತಿರುಗಿ ಹೊರಡಬೇಕು ಎಂದು ಅವಳಿಗೂ ಗೊತ್ತಿತ್ತು.

ಕೊನೆಗೂ ಕಾರು ಷೆಡ್ಡಿನಿಂದ ಹೊರಗೆ ಬಂತು. ನಿಜ ಹೇಳಬೇಕು, ಓಡಿತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸುಂಯ್ ಎಂದು ಶಿಳ್ಳೆ ಹಾಕುತ್ತಿತ್ತು, ಬೆನ್ನು ಸೀಟಿಗೆ ಅಂಟುತ್ತಿತ್ತು. ಕೀಲಿಗೆ ಕೈ ಚಾಚಿದೆ. "ನಿನ್ ಕೈಲಿ ಇದು ಬಗ್ಗಲ್ಲ ಕಣೇ, ಈಗಿದು ಬೇರೆ ಗಾಡಿ," ಎಂದು ತಮ್ಮ ಜೇಬಿಗೇ ಹಾಕಿಕೊಂಡರು. ಅಂಗಡಿಯನ್ನು ತಮ್ಮನ ಕೈಗೆ ಒಪ್ಪಿಸಿ, ದಿನಾ ನನ್ನನ್ನು ತಾವೇ ಶಾಲೆಗೆ ಬಿಟ್ಟುಬರತೊಡಗಿದರು. ಎಷ್ಟು ಪ್ರೀತಿ ಎಂದು ಅಕ್ಕಪಕ್ಕದವರು ಹೊಗಳಿದ್ದೇ ಹೊಗಳಿದ್ದು.

ಆ ಟರ್ಬೊಗೆ ಒಂದು ನಿಯಮವಿತ್ತು. ಜೋರಾಗಿ ಓಡಿಸಿ ನಿಲ್ಲಿಸಿದ ಮೇಲೆ ಇಂಜಿನ್ನನ್ನು ತಕ್ಷಣ ಆಫ್ ಮಾಡುವಂತಿಲ್ಲ. ಸ್ವಲ್ಪ ಹೊತ್ತು ಹಾಗೇ ಓಡುತ್ತಿರಬೇಕು. ಎಣ್ಣೆ ಹರಿದು ಟರ್ಬೊ ತಣ್ಣಗಾಗಬೇಕು. ಇಲ್ಲದಿದ್ದರೆ ಎಣ್ಣೆ ಒಳಗೇ ಸುಟ್ಟು ಕರಿಕಟ್ಟುತ್ತದೆ. ಸರಿ, ಇಂಜಿನ್ ಓಡುತ್ತಿರುವ ಕಾರನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದು ಹೇಗೆ? ಒಬ್ಬರು ಒಳಗೆ ಕೂತಿರಬೇಕು. ಆ ಒಬ್ಬರು ನಾನು. ಅವರು ಇಳಿದು, ಬಾನೆಟ್ಟು ತಟ್ಟಿ, ಕಂಡವರಿಗೆಲ್ಲ ಟರ್ಬೊ ಪುರಾಣ ಹೇಳುತ್ತ ಟೀ ಕುಡಿಯುತ್ತಿದ್ದರು. ನಾನು ಎಸಿ ಇಲ್ಲದ ಆ ಡಬ್ಬಿಯೊಳಗೆ, ಕಾಲ ಬುಡದಲ್ಲಿ ಒಲೆಯಂಥ ಬಿಸಿಯಿಟ್ಟುಕೊಂಡು, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಕೂತಿರಬೇಕು. ಅವರು ಬಂದು ಕೀಲಿ ತಿರುಗಿಸಿದ ಮೇಲೆಯೇ ನನಗೆ ಬಿಡುಗಡೆ. ಕೆಲವು ದಿನ ಮಾತಿನ ಭರದಲ್ಲಿ ಮರೆತೇಬಿಡುತ್ತಿದ್ದರು. ರಾಯಲ್ಪಾಡಿನ ಹೂವಿನ ಅಜ್ಜಿ ಕಿಟಕಿಯ ಹತ್ತಿರ ಬಂದು "ದಿಗಮ್ಮಾ, ಎಂತಸೇಪು ಕೂರ್ಚುಂಟಾವು?" ಎನ್ನುತ್ತಿದ್ದಳು. ಇಳಿಯಮ್ಮಾ, ಎಷ್ಟು ಹೊತ್ತು ಕೂತಿರ್ತೀಯಾ ಎಂದು. ನಾನು ಒಂದು ಮೊಳ ಮಲ್ಲಿಗೆ ಕೊಳ್ಳುತ್ತಿದ್ದೆ.

"ಲಕ್ಕೂರಿಗೆ ಯಾವಾಗ ಹೋಗೋದು?" ಎಂದು ಕೇಳಿದರೆ, "ಕುರುಡುಮಲೆಲಿ ಪೂಜೆ ಆಗ್ಲಿ, ಆಮೇಲೆ," ಎನ್ನುತ್ತಿದ್ದರು. ಟರ್ಬೊ ಬಂದ ಮೇಲೆ ಕಾರು ಹೊಸದಾದಂತೆ, ಗಣಪತಿಯ ಮುಂದೆ ಪೂಜೆ ಮಾಡಿಸದೆ ಭಾವನ ಮನೆಯೆದುರು ನಿಲ್ಲಿಸುವಂತಿಲ್ಲ.

ಪೂಜೆಯ ದಿನ ಹೊರಡುವಾಗಲೇ ತಡ. ಕಾರು ತೊಳೆದು ಒರೆಸುವುದರಲ್ಲೇ ಹೊತ್ತು ಕಳೆದಿತ್ತು. ರಾಹುಕಾಲ ಬರುವುದರೊಳಗೆ ಮುಗಿಯಬೇಕೆಂದು ಅವರು ಮುಳಬಾಗಿಲಿನಿಂದ ಕುರುಡುಮಲೆಯವರೆಗೆ ಕಾಲು ಎತ್ತಲೇ ಇಲ್ಲ. ಬಾನೆಟ್ಟಿನ ಸಂದಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ದೇವಸ್ಥಾನದ ಮುಂದೆ ನಿಲ್ಲಿಸಿದಾಗ ಅರ್ಚಕರು ಆಗಲೇ ತಟ್ಟೆ ಹಿಡಿದು ನಿಂತಿದ್ದರು.

"ಬೇಗ ಬನ್ನಿ, ರಾಹುಕಾಲ ಬಂದೇಬಿಡ್ತು. ಗಾಡಿ ಆಫ್ ಮಾಡಿ ಕೀಲಿ ತಟ್ಟೇಲಿಡಿ, ದೇವರ ಪಾದಕ್ಕೆ ಮುಟ್ಟಿಸ್ಕೊಂಡು ಬರ್ತೀನಿ. ದಂಪತಿ ಇಬ್ರೂ ಮುಂದೆ ನಿಲ್ಲಬೇಕು," ಎಂದರು.

ನಮ್ಮ ಕಡೆ ವಾಹನಪೂಜೆಯೆಂದರೆ ಕೀಲಿ ಗರ್ಭಗುಡಿಗೆ ಹೋಗಿ ಬರಲೇಬೇಕು. ಕೀಲಿ ಒಳಗೆ ಹೋದರೆ ಇಂಜಿನ್ ಓಡುವುದೆಲ್ಲಿಂದ? "ರೀ, ತಣ್ಣಗಾಗ್ಬೇಕಲ್ಲ," ಎಂದೆ.

"ದೇವರ ಮುಂದೆ ಅಪಶಕುನ ನುಡೀಬೇಡ, ಇಳಿ," ಎಂದು ಹಲ್ಲು ಕಚ್ಚಿ ಕೀಲಿ ತಿರುಗಿಸಿ ತಟ್ಟೆಗೆ ಹಾಕಿದರು. ಅಷ್ಟು ದಿನ ನನ್ನನ್ನು ಕಟ್ಟಿಹಾಕಿದ್ದ ನಿಯಮ, ರಾಹುಕಾಲ ಬಂತೆಂದ ಕೂಡಲೇ ಅವರಿಗೆ ಬೇಡವಾಯಿತು.

ಅರ್ಚಕರು ಬಂದು ಸಂಕಲ್ಪಕ್ಕೆ ನಿಂತರು. "ವಾಹನ ಯಾರ ಹೆಸರಲ್ಲಿದೆ?"

ನಮ್ಮವರು ಗಂಟಲು ಸರಿಮಾಡಿಕೊಂಡರು. ನಾನು "ನನ್ನ ಹೆಸರಲ್ಲಿ ಸ್ವಾಮಿ," ಎಂದೆ. ಮಂಗಳಾರತಿಯಾಯಿತು. ಕುಂಕುಮ ಹಚ್ಚಿದ ಕೀಲಿಯನ್ನು ಅರ್ಚಕರು ಹೂವಿನ ಸಮೇತ ನನ್ನ ಕೈಗೇ ಹಾಕಿದರು. ನಮ್ಮವರು ಕೈ ಚಾಚಿದರು. ಅರ್ಚಕರು "ಯಜಮಾನಿನೇ ನಿಂಬೆಹಣ್ಣಿನ ಮೇಲೆ ಹತ್ತಿಸ್ಲಿ," ಎಂದರು.

ಎಷ್ಟೋ ತಿಂಗಳ ಮೇಲೆ ನನ್ನ ಸೀಟಿನಲ್ಲಿ ಕೂತೆ. ಕೀಲಿ ತಿರುಗಿಸಿದೆ. ಇಂಜಿನ್ ಎದ್ದಿತು, ಜೊತೆಗೆ ಕಬ್ಬಿಣ ಕೆರೆದ ಸದ್ದೂ ಎದ್ದಿತು. ನಿಂಬೆಹಣ್ಣು ಪಚಕ್ಕೆಂದು ಒಡೆಯಿತು. ಹಿಂದಿನಿಂದ ಹೊಗೆ ಎಷ್ಟು ಬಂತೆಂದರೆ, ಕರ್ಪೂರದ ಆರತಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಮ್ಮವರು ಬಾನೆಟ್ಟಿನ ಹೂವಿನ ಹಾರವನ್ನೇ ನೋಡುತ್ತ ನಿಂತರು. ಫೋನ್ ಮಾಡಿದ ಮೇಲೆ ಮೆಕ್ಯಾನಿಕ್ ಬಂದು, ಹಗ್ಗ ಕಟ್ಟಿ ಷೆಡ್ಡಿಗೆ ಎಳೆದುಕೊಂಡು ಹೋದ. "ಟರ್ಬೊ ಮೊದ್ಲೇ ಸವೆದಿತ್ತು ಅಣ್ಣಾ, ಈಗ ಪೂರಾ ಹಿಡ್ಕೊಂಡಿದೆ. ಇನ್ನೊಂದು ತರಿಸೋಣ," ಎಂದ.

"ಕಿತ್ತು ಬಿಸಾಕು. ಮೊದಲು ಹೇಗಿತ್ತೋ ಹಾಗೆ ಮಾಡು. ಎಸಿ ಸಮೇತ," ಎಂದೆ. ಷೆಡ್ಡಿನ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತೆ. ಕೀಲಿ ನನ್ನ ಕೈಚೀಲದಲ್ಲಿತ್ತು.

ಕಾರು ರಿಪೇರಿಯಾದ ಮೊದಲ ಶನಿವಾರವೇ ಹೊರಟೆ. ಲಾರಿ, ಟೆಂಪೊ, ಟ್ರ್ಯಾಕ್ಟರು, ಎಲ್ಲವೂ ನನ್ನನ್ನು ದಾಟಿ ಹೋದವು. ಹೋಗಲಿ ಎಂದು ಬಿಟ್ಟೆ. ಕೋಲಾರದಲ್ಲಿ ಕೂಡ ನಿಲ್ಲಿಸಲಿಲ್ಲ, ಅಷ್ಟು ಆತುರ. ಲಕ್ಕೂರಿನ ಮನೆಯ ಗೇಟಿನ ಮುಂದೆ ಬೇವಿನ ನೆರಳಿಗೆ ಕಾರು ತಂದೆ.

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ನಕ್ಕಳು. ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗೇಟು ದಾಟಿ ಕಿಟಕಿಯ ಹತ್ತಿರವೇ ಬಂದಳು.

"ಯಾಕೇ, ಗಾಡಿ ಗುರ್ ಅಂತಿದೆ, ನೀನು ಸುಮ್ನೆ ಕೂತಿದ್ದೀಯಾ? ಯಾರಾದ್ರೂ ಬರೋದಿದ್ಯಾ?"

ನಾನು ಎಡಗಡೆಯ ಬಾಗಿಲನ್ನು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ತಣ್ಣಗಾಗಬೇಕಾದ್ದೇನೂ ಕಾರಿನಲ್ಲಿ ಉಳಿದಿರಲಿಲ್ಲ. ಕೀಲಿ ನನ್ನ ಬಲಗೈ ಪಕ್ಕದಲ್ಲೇ ತೂಗುತ್ತಿತ್ತು. ಆದರೂ ಯಾರೋ ಬಂದು ಅದನ್ನು ತಿರುಗಿಸಲಿ ಎಂದು ನಾನು ಕಾಯುತ್ತಿದ್ದೆ.

"ಇಳಿಯೇ," ಎಂದಳು ಅಕ್ಕ.