ನಲವತ್ತರ ವೇಗದಲ್ಲಿ ಸವೆದ ಜಾಗ

ಊಂ... ಉಸ್. ಊಂ... ಉಸ್. ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆದಿದ್ದರೂ ನಮ್ಮ ಕಾರಿನ ಇಂಜಿನ್ ತನ್ನಷ್ಟಕ್ಕೆ ತಾನೇ ಏರುತ್ತಿತ್ತು, ಇಳಿಯುತ್ತಿತ್ತು. ಶಿಡ್ಲಘಟ್ಟದ ನಮ್ಮ ಮನೆಯ ಮುಂದೆ ಬೆಳಿಗ್ಗೆ ಆರೂವರೆಗೆ ಆ ಸದ್ದು ಕೇಳುತ್ತಾ ಪಕ್ಕದ ಸೀಟಿನಲ್ಲಿ ಕೂತ ನನ್ನಕ್ಕ ಹೇಳಿದ್ದಳು:

“ನಮ್ಮಪ್ಪ ಉಂಡು ಮಲಗಿದ್ರೆ ಗೊರಕೆ ಹೊಡೀತಿದ್ರಲ್ಲ, ಹಂಗೇ ಕಣೇ. ಎಬ್ಬಿಸ್ಬೇಡ, ಬೈತಾರೆ.”

ನನಗೆ ನಗು ಬರಲಿಲ್ಲ. ಅಕ್ಕನ ಎರಡೂ ಕಿಡ್ನಿಗಳು ಕೈಬಿಟ್ಟಿದ್ದವು. ವಾರಕ್ಕೆ ಮೂರು ದಿನ ಚಿಕ್ಕಬಳ್ಳಾಪುರದಲ್ಲಿ ಡಯಾಲಿಸಿಸ್. ಏಳೂವರೆಗೆ ಅವಳ ಸರದಿ. ತಡವಾದರೆ ಆ ಮೆಷಿನ್ ಇನ್ನೊಬ್ಬರ ಪಾಲು. ಒಂದು ಸರದಿ ತಪ್ಪಿದರೂ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಾಡಿಗೆ ಕಾರು ಮಾಡೋಣವೆಂದರೆ ಅವಳು ಒಪ್ಪುತ್ತಿರಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ವಾಂತಿಯಾಗುತ್ತಿತ್ತು. “ಕಂಡೋರ ಗಾಡೀಲಿ ನಂಗಾಗಲ್ಲಮ್ಮ. ನಿನ್ ಮುಂದಾದ್ರೆ ನಾಚಿಕೆಯಿಲ್ಲ,” ಎನ್ನುತ್ತಿದ್ದಳು. ಹಾಗಾಗಿ ನನ್ನ ಯಜಮಾನರು ಬಿಟ್ಟುಹೋದ ಆ ಹಳೆಯ ಕಾರು, ಎಪ್ಪತ್ತು ದಾಟಿದ ಡ್ರೈವರ್ ನಾನು.

ಅಕ್ಕನ ಋಣ ನನ್ನ ಮೇಲೆ ಹಳೆಯದು. ನನ್ನನ್ನು ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದ ವರ್ಷವೇ ಅವಳನ್ನು ಸ್ಕೂಲು ಬಿಡಿಸಿ ರೇಷ್ಮೆಹುಳದ ಮನೆಗೆ ಹಚ್ಚಿದರು. ನಾನು ಸಿಸ್ಟರ್‌ಗಳ ಹತ್ತಿರ ಎಲೊಕ್ಯೂಷನ್ ಕಲಿಯುತ್ತಿದ್ದಾಗ ಅವಳು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. ಈ ಬಗ್ಗೆ ಅವಳು ಒಂದು ದಿನವೂ ಆಡಿದವಳಲ್ಲ. ನನ್ನ ಇಂಗ್ಲಿಷನ್ನು ಮಾತ್ರ ಆಡಿಕೊಳ್ಳುತ್ತಿದ್ದಳು.

ಕಾರಿನ ಕಾಯಿಲೆ ಮೊದಲು ಶುರುವಾದದ್ದು ರೋಡಿನಲ್ಲಿ. ಚೆನ್ನಾಗಿ ಓಡುತ್ತಿರುವಾಗಲೇ ಎಡವಿದಂತೆ ಒಂದು ಜರ್ಕ್, ಆಮೇಲೆ ಇನ್ನೊಂದು. ಕೆಲವು ಸಲ ಪೂರ್ತಿ ಆಫ್. ಊರಿನ ಗ್ಯಾರೇಜಿನವನು ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಕೊನೆಗೆ ಯಾವುದೋ ಸ್ಕ್ರೂ ತಿರುಗಿಸಿ, “ಐಡ್ಲಿಂಗ್ ಏರಿಸಿದೀನಿ ಮೇಡಂ, ಇನ್ನು ಆಫ್ ಆಗಲ್ಲ,” ಎಂದ. ಆ ದಿನದಿಂದ ಗೊರಕೆಯೂ ಸೇರಿಕೊಂಡಿತು. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಸಿಕ್ಕಿಸಿ ನೋಡಿದವರು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. “ಎಲ್ಲಾ ಓಕೆ ಮೇಡಂ. ನೋ ಕೋಡ್.” ಅಲ್ಲಿ ಕಾರು ಒಮ್ಮೆಯೂ ಎಡವಲಿಲ್ಲ. ಡಾಕ್ಟರ ಮುಂದೆ ಕೂತೊಡನೆ ಜ್ವರ ಇಳಿದುಹೋಗುವ ಮಗುವಿನ ತಾಯಿಯ ಹಾಗೆ ನಾನು ಬೆಪ್ಪಾಗಿ ನಿಂತೆ. “ಬಟ್ ಇಟ್ ಸ್ಟಾಪ್ಸ್,” ಎಂದೆ, ಇಂಗ್ಲಿಷಿನಲ್ಲಿ ಹೇಳಿದರೆ ನಂಬಿಯಾರೇನೋ ಎಂದು.

ಡಯಾಲಿಸಿಸ್ ಇಲ್ಲದ ಒಂದು ಗುರುವಾರ ಚಿಂತಾಮಣಿಗೆ ಹೋದೆವು. ತರಕಾರಿ ಮಂಡಿಯ ಹಿಂದೆ ಒಬ್ಬ ವಯಸ್ಸಾದ ಸಾಹೇಬರ ಶೆಡ್ಡು. ಅಕ್ಕನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟು ಅವರು ಬಾನೆಟ್ಟಿನೊಳಗೆ ಬಗ್ಗಿದರು.

“ಅರೆ, ಎವರು ಚೇಸಿಂದಮ್ಮಾ ಇದಿ? ಯಾರ್ ಮಾಡಿದ್ದಿದು? ಈ ಸ್ಕ್ರೂ ಯಾರೂ ಮುಟ್ಟಬಾರ್ದು.”

ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಡಬ್ಬಿಯನ್ನು ತೋರಿಸಿದರು. ಥ್ರಾಟಲ್ ಸೆನ್ಸರ್. ನಾವು ಪೆಡಲ್ ಒತ್ತಿದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಎಷ್ಟು ತೆರೆದಿದೆಯೆಂದು ಕಾರಿನೊಳಗಿನ ಕಂಪ್ಯೂಟರಿಗೆ ಚಾಡಿ ಹೇಳುವುದು ಅದರ ಕೆಲಸವಂತೆ. ಸ್ಕ್ರೂ ತಿರುಗಿಸಿದ್ದರಿಂದ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ನಾನು ಕಾಲು ತೆಗೆದದ್ದೇ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ; ಗೊರಕೆ ಅದರಿಂದಲೇ.

ಸಾಹೇಬರು ಮುಳ್ಳು ಇರುವ ಹಳೆಯ ಮೀಟರ್ ತಂದು ಅದರ ವೈರನ್ನು ಸೆನ್ಸರಿಗೆ ತಾಗಿಸಿದರು. “ಡಿಜಿಟಲ್‌ನಲ್ಲಿ ಇದು ಕಾಣಲ್ಲಮ್ಮಾ, ನಂಬರ್ ಓಡೋಗ್ಬಿಡತ್ತೆ. ನೀವು ಒಳಗೆ ಕೂತು ಪೆಡಲ್ ಒತ್ತಿ. ನಿಧಾನಕ್ಕೆ.”

ಒತ್ತಿದೆ. ಮುಳ್ಳು ಮೆಲ್ಲಗೆ ಏರಿತು. ಒಂದು ಕಡೆ ಥಟ್ಟನೆ ಸೊನ್ನೆಗೆ ಬಿದ್ದು, ಮತ್ತೆ ಎದ್ದಿತು. ಮತ್ತೊಮ್ಮೆ ಒತ್ತಿದೆ. ಅದೇ ಜಾಗ.

“ಇಲ್ಲಿ ಒಳಗೆ ಸವೆದೋಗಿದೆ. ಯಾವಾಗ್ಲೂ ಒಂದೇ ಸ್ಪೀಡಲ್ಲಿ ಓಡಿಸ್ತೀರಾ?”

“ಫಾರ್ಟಿ,” ಎಂದೆ. “ಆಲ್ವೇಸ್ ಫಾರ್ಟಿ.”

ಕುರ್ಚಿಯಿಂದ ಅಕ್ಕ ಕೈ ತಟ್ಟಿದಳು. “ನೋಡಿ ಭಾಯ್, ಕಾನ್ವೆಂಟ್ ಡಿಸಿಪ್ಲಿನ್ನು! ಕಬ್ಬಿಣಾನೂ ತೇದ್ಬಿಟ್ಟಿದಾಳೆ.”

ಶಿಸ್ತಲ್ಲ ಅದು. ನಲವತ್ತು ದಾಟಿದರೆ ಗುಂಡಿಗಳಲ್ಲಿ ಗಾಡಿ ಕುಲುಕಿ, ಸೂಜಿ ಚುಚ್ಚಿಸಿಕೊಳ್ಳುವ ಅವಳ ಎಡಗೈ ನೋಯುತ್ತಿತ್ತು. ಇಳಿಸಿದರೆ ಸರದಿ ತಪ್ಪುತ್ತಿತ್ತು. ಎರಡು ವರ್ಷ ಅದೇ ರೋಡು, ಅದೇ ಕಾಲು, ಪೆಡಲಿನ ಅದೇ ಜಾಗ. ಅವಳಿಗೆ ನೋವಾಗದಿರಲೆಂದು ಮಾಡಿದ್ದೇ ಸೆನ್ಸರನ್ನು ತಿಂದುಹಾಕಿತ್ತು.

ಆ ಮಾಡೆಲ್ಲಿನ ಸೆನ್ಸರ್ ಚಿಂತಾಮಣಿಯಲ್ಲಿ ಸಿಗಲಿಲ್ಲ. ಗೌರಿಬಿದನೂರಿನ ಅಂಗಡಿಗೂ ಫೋನ್ ಮಾಡಿದರು, ಇಲ್ಲ. ಬೆಂಗಳೂರಿನಿಂದ ಬರಲು ಒಂದು ವಾರ. ಅಲ್ಲಿಯವರೆಗೆ ಇರಲೆಂದು ಸಾಹೇಬರು ಆ ಮುಟ್ಟಬಾರದ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು. ಡಬ್ಬಿಯ ಎರಡು ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ತಿರುವಿ, ಮುಳ್ಳು ಅರ್ಧ ವೋಲ್ಟಿಗೆ ಬಂದಾಗ ಬಿಗಿದರು. ಗೊರಕೆ ನಿಂತುಹೋಯಿತು. ನನಗೆ ಅಳು ಬರುವಷ್ಟು ಸಂತೋಷ.

“ಸವೆದಿದ್ದು ಸವೆದಂಗೇ ಇದೆ ಅಮ್ಮಾ,” ಎಂದರು ಅವರು. “ನಲವತ್ತರಲ್ಲಿ ಕಾಲು ನಿಲ್ಲಿಸ್ಬೇಡಿ. ಮೂವತ್ತು, ಇಲ್ಲಾ ಐವತ್ತು.”

ಶನಿವಾರ ಡಯಾಲಿಸಿಸ್‌ಗೆ ಹೊರಟೆವು. ಮೂವತ್ತರಲ್ಲಿ ಹೋದೆ, ಗಡಿಯಾರ ನೋಡಿದೆ, ಐವತ್ತಕ್ಕೆ ಏರಿಸಿದೆ. ಅಕ್ಕ ಹಲ್ಲು ಕಚ್ಚಿ ಕೈಯನ್ನು ಮಡಿಲಿಗೆ ಒತ್ತಿಕೊಂಡಳು. ಆಮೇಲೆ ಒಂದು ಏರಿನಲ್ಲಿ ಮುಂದೆ ಟ್ರಾಕ್ಟರ್ ಬಂತು. ಯೋಚನೆ ಅತ್ತ ಹೋದಾಗ ನನ್ನ ಕಾಲು ತನ್ನ ಹಳೆಯ ಜಾಗಕ್ಕೆ ತಾನೇ ಹೋಗಿ ಕೂತಿತು. ಜರ್ಕ್. ಆಫ್. ಗಾಬರಿಯಲ್ಲಿ ಬಿಡದೆ ಕೀ ತಿರುಗಿಸಿದೆ, ತಿರುಗಿಸಿದೆ; ಕೊನೆಗೆ ಬ್ಯಾಟರಿಯೂ ಮಲಗಿತು. ಏಳು ಗಂಟೆ ಹತ್ತು ನಿಮಿಷ.

ಕೈ ಅಡ್ಡ ಹಿಡಿದಾಗ ನಿಂತದ್ದು ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಸೇವಂತಿಗೆ ಮೂಟೆ ಹೊತ್ತಿದ್ದ ಪುಟ್ಟ ಗೂಡ್ಸ್ ಗಾಡಿ. ಡ್ರೈವರ್ ಪಕ್ಕದಲ್ಲೂ ಮೂಟೆಗಳಿದ್ದವು. ಒಬ್ಬರಿಗಷ್ಟೇ ಜಾಗ.

“ವಾಂತಿ ಬಂದ್ರೆ ಏನ್ ಮಾಡ್ಲೇ?” ಎಂದಳು ಅಕ್ಕ.

“ಕವರ್ ಇಟ್ಕೋ. ಈಗ ಬರಲ್ಲ ಕಣಕ್ಕ, ಹೋಗ್ತಾ ಯಾವತ್ತೂ ಬಂದಿಲ್ವಲ್ಲ. ನಾನು ಬಸ್ಸಲ್ಲಿ ಹಿಂದೇನೇ ಬರ್ತೀನಿ.”

ಬಸ್ಸು ಸಿಕ್ಕಿದ್ದು ಮುಕ್ಕಾಲು ಗಂಟೆಯ ಮೇಲೆ. ನಾನು ತಲುಪುವಷ್ಟರಲ್ಲಿ ಮೆಷಿನ್ನಿನ ಮೇಲಿದ್ದಾಗಲೇ ಅವಳ ಬಿಪಿ ಕುಸಿದು ಒಳಗಿನ ರೂಮಿಗೆ ಸಾಗಿಸಿದ್ದರು. ನನ್ನನ್ನು ಬಿಡಲಿಲ್ಲ. ಅವಳು ಸರಿಯಾದ ಸಮಯಕ್ಕೇ ಬಂದಿದ್ದಳೆಂದು ನರ್ಸ್ ಎರಡು ಸಲ ಹೇಳಿದಳು, ಅದೇ ಸಮಾಧಾನ ಎಂಬಂತೆ. ಆಮೇಲೆ ಬಿಳಿ ಬಟ್ಟೆ ಸುತ್ತಿ ಹೊರಗೆ ತಂದದ್ದನ್ನು ನಾನು ಅವಳನ್ನು ನೋಡಿದ್ದು ಎಂದು ಲೆಕ್ಕ ಹಿಡಿಯುವುದಿಲ್ಲ.

ಹೊಸ ಸೆನ್ಸರ್ ಮುಂದಿನ ವಾರ ಬಂತು. ಹಾಕಿಸಿದೆ. ನಲವತ್ತರಲ್ಲಿ ಈಗ ಕಾರು ಚೆನ್ನಾಗಿ ಓಡುತ್ತದೆ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಏರಿನಲ್ಲಿ. ಹೂವಿನ ಗಾಡಿಯ ಬಾಗಿಲು ಸರಿಯಾಗಿ ಬೀಳುತ್ತಿರಲಿಲ್ಲ. “ಗಟ್ಟಿಯಾಗಿ ಎಳಿಯಮ್ಮಾ,” ಎಂದ ಡ್ರೈವರ್. ಎಡಗೈಯಲ್ಲಿ ಎಳೆಯುವ ಹಾಗಿಲ್ಲ. ಬಲಗೈಯನ್ನು ಮೈಗೆ ಅಡ್ಡ ತಂದು ಎಳೆದಳು. ಮೂರನೇ ಸಲಕ್ಕೆ ಬಿತ್ತು. ಹೊರಗಿನಿಂದ ನಾನೇ ತಳ್ಳಬಹುದಿತ್ತು, ಹೊಳೆಯಲಿಲ್ಲ. ಅವಳ ಹಸಿರು ಸೀರೆಯ ಸೆರಗಿನ ತುದಿ ಬಾಗಿಲಿಗೆ ಸಿಕ್ಕಿ ಹೊರಗೆ ಉಳಿದಿತ್ತು. ಕೂಗಿದೆ. ಹಿಂದಿದ್ದ ಲಾರಿಯ ಹಾರನ್ನಿನಲ್ಲಿ ಅವಳಿಗೆ ಕೇಳಿಸಲಿಲ್ಲ. ತಿರುವಿನವರೆಗೂ ಆ ತುದಿ ಗಾಳಿಗೆ ಪಟಪಟ ಬಡಿಯುತ್ತಾ ಹೋಯಿತು.