ಮೇಡಂ ತೋರಿಸಿದ ಕಡಲ ತಳ

ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಅದರಲ್ಲಿ ತುಂಬಿ ಬಂದ ಕೆಸರನ್ನು ಪದರ ಪದರವಾಗಿ ನೋಡುವುದು ನನ್ನ ಕೆಲಸ. ಹೋದ ತಿಂಗಳು ಅಂಥದ್ದೊಂದು ಕೊಳವೆಯನ್ನು ಮೇಜಿನ ಮೇಲಿಟ್ಟು ಸೀಳಿದಾಗ ಗಪ್ಪನೆ ಒಂದು ವಾಸನೆ ಬಂತು. ಬೇಸಿಗೆಯಲ್ಲಿ ನೀರು ಇಳಿದ ಭದ್ರಾ ಹಿನ್ನೀರಿನ ದಡದ ವಾಸನೆ. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಬಗ್ಗಿ ಇನ್ನೊಮ್ಮೆ ಮೂಸಿದೆ. ಬಾಳಗಡಿಯ ಕಾಲೇಜಿನಲ್ಲಿ ನಮಗೆ ಭೂಗೋಳ ಹೇಳಿಕೊಟ್ಟ ಮೇಡಂ ನೆನಪಾದರು...

ಅವರು ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಹೊಸದಾಗಿ ನೇಮಕ ಆಗಬೇಕು, ಬೇಡ ಅಂದರೆ ಹೊರಡಬೇಕು. ನರಸಿಂಹರಾಜಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಅಜ್ಜನ ಗದ್ದೆ ಹಿನ್ನೀರಿನಲ್ಲಿ ಮುಳುಗಿತ್ತಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗದ್ದೆಯಂಚು, ಬಾವಿಕಟ್ಟೆ ಎಲ್ಲ ಮೇಲೇಳುತ್ತಿದ್ದವು. ಚಿಕ್ಕವರಿದ್ದಾಗ ಅಲ್ಲೆಲ್ಲ ಓಡಾಡಿ ಅವರು ಒಂದು ಸಂಗತಿ ಕಂಡುಕೊಂಡಿದ್ದರು. ಹೂಳು ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ. ತಗ್ಗಿನಲ್ಲಿ ಮೊಣಕಾಲು ಮುಳುಗುವಷ್ಟು, ದಿಬ್ಬದ ಮೇಲೆ ಬೆರಳು ಮುಚ್ಚುವಷ್ಟೂ ಇಲ್ಲ.

"ಆಳದ ಸಮುದ್ರದ್ದೂ ಇದೇ ಕತೆ," ಎನ್ನುತ್ತಿದ್ದರು. "ಅಲ್ಲೂ ಗುಡ್ಡ ಉಂಟು, ಕಣಿವೆ ಉಂಟು. ಕೆಸರು ಎಲ್ಲಿ ನಿಲ್ಲಬೇಕು ಅಂತ ಹೇಳೋದು ಆ ನೆಲ."

ಆ ವರ್ಷ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ನನ್ನನ್ನೇ ಎಬ್ಬಿಸಿ, ಆಳ ಸಮುದ್ರದಲ್ಲಿ ಮಣ್ಣು ಹೇಗೆ ಸೇರುತ್ತದೆ ಎಂದು ಕೇಳಿದರು. ಮೇಡಂ ಕಲಿಸಿದ್ದನ್ನೇ ಹೇಳಿದೆ. ಕೆಸರುನೀರು ತಳ ಹಿಡಿದು ಹೊಳೆಯ ಹಾಗೆ ಇಳಿಜಾರಿನಲ್ಲಿ ನುಗ್ಗುತ್ತದೆ, ಗುಡ್ಡ ಅಡ್ಡ ಬಂದರೆ ತಡೆದು ನಿಲ್ಲುತ್ತದೆ, ಒಂದು ತಗ್ಗು ತುಂಬಿದ ಮೇಲೆ ಮುಂದಿನ ತಗ್ಗಿಗೆ ದಾಟುತ್ತದೆ.

ಅಧಿಕಾರಿ ಯಾರದೋ ಡೆಸ್ಕಿನ ಮೇಲಿದ್ದ ಗೈಡ್ ತೆಗೆದು ಓದಿದರು. "ಮೇಲಿಂದ ನಿಧಾನವಾಗಿ ಉದುರಿ ಸಮನಾಗಿ ಹರಡುತ್ತದೆ ಅಂತ ಇದೆಯಲ್ಲ? ನಿಂದು ಯಾವೂರಮ್ಮ?"

"ಕಿಗ್ಗ, ಸರ್."

"ಕಿಗ್ಗದಲ್ಲಿ ಸಮುದ್ರ ಯಾವಾಗ ಬಂತು?"

ತರಗತಿಯೆಲ್ಲ ನಕ್ಕಿತು. ನಾನು ಕೂರಲು ಹೋದೆ.

"ಕೂರಬೇಡ," ಎಂದರು ಮೇಡಂ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಉದುರೋದೂ ನಿಜವೇ ಸರ್. ಆದ್ರೆ ಅದು ಅರ್ಧ. ಇವಳು ಹೇಳಿದ್ದು ಉಳಿದರ್ಧ. ತಪ್ಪಿಲ್ಲ," ಎಂದರು.

"ನೀವು ನೋಡಿದ್ದೀರಾ ಸಮುದ್ರದ ತಳ?"

"ಇಲ್ಲ ಸರ್. ನೀವು?"

ಅಧಿಕಾರಿ ಗೈಡನ್ನು ಡೆಸ್ಕಿನ ಮೇಲೆ ಎಸೆದು ಹೊರಟುಹೋದರು.

ಮರುದಿನ ಪ್ರಿನ್ಸಿಪಾಲರು ಮೇಡಂನ ಕರೆಸಿ, ಕ್ಷಮೆ ಕೇಳಿ ನಾಲ್ಕು ಸಾಲು ಬರೆದುಕೊಡಿ ಎಂದರಂತೆ. ಮುಂದಿನ ವರ್ಷದ ನೇಮಕಕ್ಕೆ ತೊಂದರೆ ಆದೀತು ಎಂದೂ ಹೇಳಿದರಂತೆ. ಪ್ರಿನ್ಸಿಪಾಲರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ.

ಮೇಡಂ ಬರೆಯಲಿಲ್ಲ. ಶನಿವಾರ ಬೆಳಿಗ್ಗೆ ಯಾರ ಮನೆಯದೋ ಹಳೆಯ ಮೀನಿನ ಗಾಜಿನ ತೊಟ್ಟಿಯನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಜೇಡಿಮಣ್ಣಿನಿಂದ ತೊಟ್ಟಿಯ ತಳದಲ್ಲಿ ಒಂದು ಇಳಿಜಾರು, ಎರಡು ಗುಡ್ಡ, ಗುಡ್ಡಗಳ ಹಿಂದೆ ಒಂದೊಂದು ತಗ್ಗು ಮಾಡಿಸಿದರು. ಮೆಲ್ಲಗೆ ತಿಳಿನೀರು ತುಂಬಿಸಿದೆವು. ಪ್ರಿನ್ಸಿಪಾಲರನ್ನೂ ಕರೆದು ತಂದರು.

ಇಳಿಜಾರಿನ ತುದಿಯಲ್ಲಿ ಕೆಮ್ಮಣ್ಣು, ಮರಳು ಕಲಸಿದ ನೀರನ್ನು ನನ್ನ ಕೈಯಿಂದಲೇ ಹೊಯ್ಯಿಸಿದರು. ಕೆಂಪು ನೀರು ಮೇಲೆ ಹರಡಲಿಲ್ಲ. ಸೀದಾ ಕೆಳಗಿಳಿದು, ಹೊಗೆಯ ಹಾಗೆ ತಳ ಸವರುತ್ತ ಓಡಿತು. ಮೊದಲ ಗುಡ್ಡಕ್ಕೆ ಬಡಿದು ಅರ್ಧ ಏರಿತು, ಸೋತು ಹಿಂದಕ್ಕೆ ಬಂತು, ಗುಡ್ಡದ ಈಚೆಯೇ ಕೂತಿತು. ದಪ್ಪ ಮರಳು ಇಳಿಜಾರಿನ ಬುಡದಲ್ಲೇ ಉಳಿಯಿತು. ತಂಬಿಗೆ ಮೇಲೆ ತಂಬಿಗೆ ಹೊಯ್ದೆ. ಈಚೆಯ ಜಾಗ ತುಂಬಿದ ಮೇಲೆ ಕೆಸರು ಗುಡ್ಡ ಹಾರಿ ಆಚೆಯ ತಗ್ಗಿಗೆ ಇಳಿಯಿತು. ಗುಡ್ಡದ ನೆತ್ತಿ ಹೆಚ್ಚುಕಡಿಮೆ ಬರಿದಾಗಿಯೇ ಇತ್ತು.

ಪ್ರಿನ್ಸಿಪಾಲರು ಗಾಜಿಗೆ ಮೂಗು ತಾಗಿಸಿ ನೋಡಿದರು. "ಹೌದಲ್ಲ ಮಾರಾಯ್ರೇ!"

ಮೇಡಂ ತೊಟ್ಟಿಯಲ್ಲಿ ಕಂಡದ್ದರ ಚಿತ್ರವನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ, "ತಪ್ಪಿದ್ದರೆ ತೋರಿಸಿ, ತಿದ್ದಿಕೊಳ್ಳುತ್ತೇನೆ" ಎಂದಷ್ಟೇ ಸೇರಿಸಿ ಅಧಿಕಾರಿಗೆ ಕಳಿಸಿದರು. ಉತ್ತರ ಬರಲಿಲ್ಲ. ಮುಂದಿನ ವರ್ಷ ಅವರಿಗೆ ನೇಮಕವೂ ಬರಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಿದಾಗ, ನನ್ನಿಂದ ಹೀಗಾಯಿತು ಎಂದು ಅತ್ತುಬಿಟ್ಟೆ. ಅವರಿಗೆ ಸಿಟ್ಟೇ ಬಂತು.

"ಎಂತಕ್ಕೆ ಅಳ್ತೀಯ ಮಾರಾಯ್ತಿ? ನೀ ಹೇಳಿದ್ದು ಸರಿ ಇತ್ತು. ಅನುಮಾನ ಇದ್ರೆ ಹೋಗಿ ನೋಡ್ಕೊಂಡು ಬಾ."

ಹೋದೆ. ಭೂವಿಜ್ಞಾನ ಓದಿದೆ. ಮೊದಲ ಸಲ ಸಮುದ್ರ ಸಂಶೋಧನೆಯ ಹಡಗಿನ ಪಟ್ಟಿಯಿಂದ ನನ್ನ ಹೆಸರು ತೆಗೆದು, ಹೆಂಗಸರಿಗೆ ಅಲ್ಲಿ ಅನುಕೂಲವಿಲ್ಲ ಎಂದರು. ಅನುಕೂಲ ನಾನು ಕೇಳಿಲ್ಲ, ಕೆಲಸ ಕೇಳಿದ್ದೇನೆ ಎಂದೆ. ಮತ್ತೆ ಮತ್ತೆ ಕೇಳಿ ಹತ್ತಿದೆ. ಹಡಗಿನಿಂದ ಕೆಳಕ್ಕೆ ಬಿಟ್ಟ ಸದ್ದು ಕಡಲ ತಳಕ್ಕೆ ತಾಗಿ ಮರಳುತ್ತ, ಗೆರೆ ಗೆರೆಯಾಗಿ ಪರದೆಯ ಮೇಲೆ ಒಂದು ಗುಡ್ಡ ಮೂಡಿದ ದಿನ ನಾನು ಊಟಕ್ಕೂ ಏಳಲಿಲ್ಲ. ಮೇಡಂಗೆ ಕಾಗದ ಬರೆಯಬೇಕು ಅಂದುಕೊಂಡೆ. ಇವತ್ತು, ನಾಳೆ ಎನ್ನುತ್ತ... ಬರೆಯಲೇ ಇಲ್ಲ.

ಮೊನ್ನೆ ರಜೆ ಹಾಕಿ ನರಸಿಂಹರಾಜಪುರಕ್ಕೆ ಹೋದೆ. ಬಾಗಿಲು ತೆರೆದದ್ದು ಅವರ ತಂಗಿ. ಮೇಡಂ ತೀರಿಕೊಂಡು ಎರಡು ವರ್ಷವಾಗಿತ್ತು.

"ಆಮೇಲೆ ಎಲ್ಲೂ ಕೆಲಸ ಸಿಗ್ಲಿಲ್ಲ ಅವಳಿಗೆ," ಎಂದರು ಆಕೆ. "ಮನೇಲೇ ಮಕ್ಕಳಿಗೆ ಪಾಠ ಹೇಳ್ತಿದ್ಲು. ಒಂದು ಸಲ ಬಗ್ಗಿದ್ರೆ ಎಂತ ಹೋಗ್ತಿತ್ತು ಅಂತ ನಾವೆಲ್ಲ ಬೈದಿದ್ದೀವಿ."

"ಬಗ್ಗಿದ್ರೆ ನಾನು ಹಡಗು ಹತ್ತುತ್ತಿರಲಿಲ್ಲ, ಅಕ್ಕಾ," ಎಂದೆ. ದನಿ ಸ್ವಲ್ಪ ಜೋರೇ ಆಯಿತು. "ಅವರು ಮಾಡಿದ್ದು ಸರಿ. ದಯವಿಟ್ಟು ಇನ್ನು ಯಾರ ಹತ್ರವೂ ಹಾಗೆ ಹೇಳಬೇಡಿ."

ಆಕೆ ಜಗಲಿಗೆ ಚಾಪೆ ತಂದು ಹಾಸಿದರು. ನಾನು ಅಲ್ಲೇ ಕೂತು, ಮೇಡಂಗೆ ಹೇಳಬೇಕಾಗಿದ್ದನ್ನೆಲ್ಲ ಅವರ ತಂಗಿಗೆ ಹೇಳಿದೆ. ಕಡಲ ತಳದಲ್ಲಿ ಎಷ್ಟು ಕತ್ತಲು, ಇಳಿಜಾರು ಎಲ್ಲಿ ಮುಗಿಯುತ್ತದೆ, ಯಾವ ಮಗ್ಗುಲಲ್ಲಿ ಪದರ ದಪ್ಪ, ಯಾವ ಮಗ್ಗುಲಲ್ಲಿ ತೆಳು... ಅರ್ಥವಾಯಿತೋ ಇಲ್ಲವೋ, ಆಕೆ ಕೊನೆಯವರೆಗೂ ಕೂತು ಕೇಳಿದರು.